ಇಂಗ್ಲೆಂಡನ್ನು ಹಿಂದೆ ಹಾಕಿದ ಬೂಟು

೧೯೭೮ರಲ್ಲಿ, ಪ್ರಾಥಮಿಕ ಶಾಲೆಯಲ್ಲಿ ಮಗುವೊಂದಕ್ಕೆ ಆಗುವ ಸರ್ಕಾರಿ ಖರ್ಚಿನಲ್ಲಿ, ಮಾನ್ವಿ ತಾಲೂಕಿನ ಒಂದು ಶಾಲೆ ಇಂಗ್ಲೆಂಡನ್ನು ಹಿಂದೆ ಹಾಕಿತು. ಲೆಕ್ಕ ಮಾಡಿದವಳು ನಾನೇ ಆದ್ದರಿಂದ ಇದರಲ್ಲಿ ತಪ್ಪಿರಲು ಸಾಧ್ಯವಿಲ್ಲ.

ಆ ವರ್ಷ ರಾಯಚೂರಿನಲ್ಲಿ ‘ಉಭಯ ದೇಶಗಳ ಶಾಲಾ ವೆಚ್ಚ ತುಲನಾ ಸಮಿತಿ’ ನೇಮಕವಾಯಿತು. ಅಧ್ಯಕ್ಷರು ನಿವೃತ್ತ ತಹಸೀಲ್ದಾರ ಬುರ್ಹಾನುದ್ದೀನ್ ಸಾಹೇಬರು. ನಾನು ಹೆಣ್ಣುಮಕ್ಕಳ ವಸತಿನಿಲಯದ ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳಿಗೆ ಇಂಗ್ಲೆಂಡ್ ಗೊತ್ತಿರಲೇಬೇಕೆಂದು ನನ್ನನ್ನು ಸದಸ್ಯೆ ಮಾಡಿದರು. ಇಂಗ್ಲೆಂಡ್ ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ. ಇಲ್ಲವೆಂದು ನಾನೂ ಹೇಳಲಿಲ್ಲ.

ಹೋಲಿಕೆ ಸಮಾನರ ನಡುವೆಯೇ ಆಗಬೇಕೆಂದು ಸೂಚಿಸಿದೆ. ಸಮಿತಿ ತರಿಸಿಕೊಂಡಿದ್ದ ಇಂಗ್ಲೆಂಡಿನ ಶಾಲಾ ವೆಚ್ಚದ ವರದಿಯ ಮುಖಪುಟದ ಚಿತ್ರದಲ್ಲಿ ಮಕ್ಕಳೆಲ್ಲ ಬೂಟು ಹಾಕಿಕೊಂಡು ತರಗತಿಯಲ್ಲಿ ಕುಳಿತಿದ್ದರು. ಆದ್ದರಿಂದ ನಿಯಮ ಮೂರು: ‘ತರಗತಿಯೊಳಗೆ ಬೂಟು ಧರಿಸಿ ಕುಳಿತ ಮಗುವನ್ನು ಮಾತ್ರ ವಿದ್ಯಾರ್ಥಿಯೆಂದು ಎಣಿಸತಕ್ಕದ್ದು.’ ನಿಯಮ ಒಂದು ಮತ್ತು ಎರಡು ಸದಸ್ಯರ ಪ್ರಯಾಣಭತ್ಯೆಗೆ ಸಂಬಂಧಿಸಿದ್ದವು.

ಜೂನ್ ಮೊದಲ ವಾರ ಪೋತ್ನಾಳದಾಚೆಯ ಆ ಶಾಲೆಗೆ ಜೀಪಿನಲ್ಲಿ ಹೋದೆವು. ಒಂದೇ ಕೋಣೆ, ಸೂಗಪ್ಪ ಎಂಬ ಒಬ್ಬರೇ ಮಾಸ್ತರು, ನೂರಾ ಹನ್ನೆರಡು ಮಕ್ಕಳು.

“ಅಮ್ಮಾರೇ, ಒಳಗ ಕುಂತ್ರ ಆಕಾಶ ಕಾಣತದರಿ,” ಎಂದರು ಮಾಸ್ತರು. “ಮಳಿ ಬಂತಂದ್ರ ಶಾಲಿ ಬಂದ್. ಬಂದ್ ಆತಂದ್ರ ಹುಡುಗೂರ್ನ ನಾಟಿಗಿ ಕರ್ಕೊಂಡು ಹೋಗ್ತಾರ. ಹೋದವ್ರು ಮತ್ತ ಬರಂಗಿಲ್ರಿ. ಹತ್ತು ತಗಡು ಕೊಡಿಸ್ರಿ, ಸಾಕು.”

“ಮೊದಲು ಎಣಿಕೆ, ಆಮೇಲೆ ತಗಡು,” ಎಂದೆ.

ಹೊಸ್ತಿಲಾಚೆ ಚಪ್ಪಲಿಗಳ ಸಾಲು. ಒಳಗೆ ಎಲ್ಲರದೂ ಬರಿಗಾಲು. ಯಮನಮ್ಮ ಎಂಬ ಹುಡುಗಿ ಮಾತ್ರ ಅಣ್ಣನ ಹಳೇ ಬೂಟು ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದಳು.

“ಅಕ್ಷರ ಕಲಿಯೋ ಜಾಗರೀ, ಯಾರೂ ಮೆಟ್ಟಿಕೊಂಡು ಬರಂಗಿಲ್ಲ,” ಎಂದರು ಮಾಸ್ತರು. “ಈಕಿ ಕಾಲಿಗಿ ಜಾಲಿಮುಳ್ಳು ನಟ್ಟು ಬಾತದಂತ ನಾನಾ ಬಿಟ್ಟೀನಿ.”

‘ವಿದ್ಯಾರ್ಥಿಗಳು: ಒಂದು’ ಎಂದು ಬರೆದುಕೊಂಡೆ.

“ಹಂಗಾರ ಉಳಿದವ್ರು ಯಾರ್ರೀ?”

“ತಮಾಷಾ ನೋಡಾಕ ಬಂದವ್ರು ಅಂತ ಬರ್ಕೋರಿ, ಮಾಸ್ತರ್,” ಎಂದರು ಸಾಹೇಬರು.

ಶಾಲೆಯ ವಾರ್ಷಿಕ ವೆಚ್ಚ, ಮಾಸ್ತರರ ಸಂಬಳ ಮತ್ತು ಸೀಮೆಸುಣ್ಣ ಸೇರಿ, ಆರು ಸಾವಿರದ ಏಳುನೂರಾ ಇಪ್ಪತ್ತು ರೂಪಾಯಿ. ಅದನ್ನು ಒಂದರಿಂದ ಭಾಗಿಸಿ, ಮೂರು ಸಲ ತಾಳೆ ನೋಡಿದೆ. ಇಂಗ್ಲೆಂಡ್ ಸೋತಿತ್ತು. ರಾಯಚೂರಿನಲ್ಲಿ ನನಗೆ ಶಾಲು ಹೊದಿಸಿದರು.

ತಗಡಿನ ಅರ್ಜಿಗೂ ಉತ್ತರ ಹೋಯಿತು: ‘ಮಗುವೊಂದಕ್ಕೆ ಇಂಗ್ಲೆಂಡಿಗಿಂತ ಹೆಚ್ಚು ಖರ್ಚಾಗುತ್ತಿರುವ ಶಾಲೆಗೆ ತಗಡು ಐಷಾರಾಮವೆಂದು ಪರಿಗಣಿಸಿ ಅರ್ಜಿಯನ್ನು ವಜಾ ಮಾಡಲಾಗಿದೆ.’ ಕರಡು ನನ್ನದೇ.

ನಂತರ ದೇವದುರ್ಗಕ್ಕೆ ಹೋದೆವು. ಅಲ್ಲಿನ ಶಾಲೆಗಳಲ್ಲಿ ಒಂದು ಮಗುವಿಗೂ ಬೂಟಿರಲಿಲ್ಲ. ಸೊನ್ನೆಯಿಂದ ಭಾಗಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿತಿದ್ದೆನಾದ್ದರಿಂದ, ಶಾಲೆಗೊಂದು ಜೊತೆಯಂತೆ ಬೂಟು ಮಂಜೂರು ಮಾಡಿದೆವು.

ಜುಲೈನಲ್ಲಿ, ಮಳೆ ಹಿಡಿದ ಮೇಲೆ, ಮತ್ತೆ ಪೋತ್ನಾಳದ ಕಡೆ ಹೋದೆ. ಶಾಲೆಯ ಕೋಣೆಯಲ್ಲಿ ಸೋರುವಲ್ಲೆಲ್ಲ ಬಕೆಟ್ಟುಗಳು. ಎದುರಿನ ರಂಜಾನಬಿಯ ದನದ ಕೊಟ್ಟಿಗೆಯಲ್ಲಿ ಎಮ್ಮೆಗಳನ್ನು ಒಂದು ಕಡೆ ಸರಿಸಿ, ಸೂಗಪ್ಪ ಮಾಸ್ತರು ಮಗ್ಗಿ ಹೇಳಿಸುತ್ತಿದ್ದರು. ಎಣಿಸಿದೆ. ನೂರಾ ಹನ್ನೆರಡು ಮಕ್ಕಳೂ ಇದ್ದರು.

“ನೀನು ಶಾಲೆಯ ವಿದ್ಯಾರ್ಥಿನಿ. ಒಳಗೆ ಕೂರಬೇಕಲ್ಲವೇ?” ಎಂದು ಯಮನಮ್ಮನನ್ನು ಕೇಳಿದೆ.

“ಕಾಲು ವಾಸಿ ಆಗ್ಯಾದ ಯವ್ವಾ. ಅಲ್ಲಿ ಒಬ್ಬಾಕಿನ ಕುಂತು ಯಾರ ಕೂಡ ಮಾತಾಡ್ಲಿ?”

“ಆಕಿ ಬೂಟು ಅಲ್ಲೇ ಕುಂತಾವ್ರಿ,” ಎಂದರು ಮಾಸ್ತರು. “ದಿನಾ ಹಾಜರಿ ಹಾಕಾಕತ್ತೀನಿ. ಒಂದಿನಾನೂ ತಪ್ಪಿಸಿಲ್ಲ ನೋಡ್ರಿ. ಗಲಾಟಿ ಅಂತೂ ಇಲ್ಲೇ ಇಲ್ಲ.”

ಹೋಗಿ ನೋಡಿದೆ. ಬೂಟುಗಳು ಹಲಗೆಗೆ ಮುಖ ಮಾಡಿ, ಜೋಡಿಯಾಗಿ, ನೀರು ತುಂಬಿಕೊಂಡು ಕುಳಿತಿದ್ದವು. ನೀರು ಚೆಲ್ಲಿ, ಸೋರದ ಮೂಲೆಯಲ್ಲಿಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಮಾಡಿದೆ.

ಇಂಗ್ಲೆಂಡನ್ನು ಸೋಲಿಸಿದ ಅಂಕಿ ಇಂದಿಗೂ ಇಳಿದಿಲ್ಲ. ತಿಂಗಳಿಗೊಮ್ಮೆ ಹೋಗಿ ಬೂಟಿಗೆ ಪಾಲಿಶ್ ಹಾಕಿ ಬರುವುದನ್ನು ಸಮಿತಿ ನನಗೇ ವಹಿಸಿದೆ. ಆ ಕೆಲಸವನ್ನು ಕಾನ್ವೆಂಟಿನಲ್ಲಿ ಬಹಳ ಚೆನ್ನಾಗಿ ಕಲಿಸಿದ್ದರು.