ಕ್ವೇಸಾರಿನ ಅನಿಲವೂ ನನ್ನ ಲಾಗ್ ಪುಸ್ತಕವೂ

ಓದಿದ ಹೆಣ್ಣುಮಕ್ಕಳು ಎರಡು ತಲೆಮಾರು ಸೇರಿರುವ ಮನೆಯಲ್ಲಿ ಇಂಥವು ನಡೆಯದೆ ಇರುವುದಿಲ್ಲ. ನಾನು ಬಿ.ಎಸ್ಸಿ.; ನಡೆದದ್ದನ್ನು ಅಂದಂದೇ ಬರೆದಿಡುವವಳು. ಮಗಳು ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದಳು. ಕ್ವೇಸಾರ್ ಎಂದರೆ ನಕ್ಷತ್ರದಂತೆ ಕಾಣುವ, ಬಹುದೂರದ ಕಾಯ. ಅದರ ಸುತ್ತಲಿನ ಕಾದ ಅನಿಲದ ಬೆಳಕನ್ನು ಒಡೆದು ನೋಡಿದರೆ ಹೊಳೆಯುವ ಗೆರೆಗಳು. ಅನಿಲ ಎಷ್ಟು ಬಿಸಿ, ಎಷ್ಟು ದಟ್ಟ ಎಂದು ಊಹಿಸಿ, ಲೆಕ್ಕ ಹಾಕಿ, ಆ ಗೆರೆಗಳಿಗೆ ಹೊಂದಿಸುವುದು ಅವಳ ಕೆಲಸ. ರಜೆಯೊಳಗೆ ಕೋಷ್ಟಕ ಕಳಿಸದಿದ್ದರೆ ಲೇಖನ ಬೇರೆ ವಿದ್ಯಾರ್ಥಿಯ ಪಾಲು ಎಂದು ಪ್ರೊಫೆಸರ್ ಎಚ್ಚರಿಸಿದ್ದರು. ಹಾಗಾಗಿ ಅರಸೀಕೆರೆಗೆ ಬಂದರೂ ಕೈಯಲ್ಲಿ ಪೆನ್ಸಿಲ್ಲೇ.

೧

ಪಕ್ಕದ ಮನೆಯ ತೆಂಗಿನಕಾಯಿ ವ್ಯಾಪಾರಿ ಕೇಳಿದರು: "ಅಲ್ಲಿಗೆ ಹೋಗಿ ನೋಡ್ಕೊಂಡ್ ಬಂದೋರು ಯಾರು ತಾಯಿ?"

"ಯಾರೂ ಇಲ್ಲ ಮಾಮ. ಇಲ್ಲಿಂದಲೇ ಅಂದಾಜು."

"ನಾನೂ ಬೇಲಿ ಆಚೆ ನಿಂತೇ ತೋಟದ ಫಸಲು ಅಂದಾಜು ಮಾಡೋದು. ತಪ್ಪಿದ್ರೆ ಮನೇಲಿ ಹೆಂಡ್ತಿ ಬೈತಾಳೆ. ನಿನಗೆ ಬೈಯೋಕೆ ಯಾರವ್ರೆ?"

ಮಗಳು ನನ್ನ ಕಡೆ ಪೆನ್ಸಿಲ್ ತೋರಿಸಿದಳು.

೨

ನಮ್ಮತ್ತೆಗೆ ಗೆರೆ ಅಂದರೇನೆಂದು ತೋರಿಸಲು ಮಗಳು ಒಲೆಗೆ ಉಪ್ಪು ಹಾಕಿದಳು. ಹಳದಿ ಜ್ವಾಲೆ ಎದ್ದಿತು. "ಬೆಳಕು ಒಡೆಯೋ ಈ ಗಾಜಿನಲ್ಲಿ ನೋಡಜ್ಜಿ" ಎನ್ನುವಷ್ಟರಲ್ಲಿ ಅತ್ತೆ ಹಿತ್ತಲಿಗೆ ಹೋಗಿ ನೆರೆಮನೆಯವಳನ್ನು ಕೂಗಿದರು: "ಮಗೂನ ಎತ್ಕೊಂಡು ಬಾರೇ! ನಮ್ಮ ಹುಡುಗಿ ದೃಷ್ಟಿ ತೆಗೀತಿದಾಳೆ!"

ಸಂಜೆಯೊಳಗೆ ಐದು ಮಕ್ಕಳು ಬಂದವು. ಕೊನೆಯ ಮಗುವಿನ ತಾಯಿ ಸಮಾಧಾನದಿಂದ ಹೇಳಿದಳು: "ಹೋದ್ಸಲ ತೆಗೆದೋಳು ಬರೀ ಎಸ್.ಎಸ್.ಎಲ್.ಸಿ. ಅದಕ್ಕೇ ಬಿಟ್ಟಿರ್ಲಿಲ್ಲ."

೩

ಕ್ಯಾಲ್ಕುಲೇಟರ್ ಇಲ್ಲದ ಆ ಕಾಲದಲ್ಲಿ ದೊಡ್ಡ ಗುಣಾಕಾರ ಭಾಗಾಕಾರಕ್ಕೆಲ್ಲ ಬೇಕಾದ ಲಾಗ್ ಪುಸ್ತಕವನ್ನು ಮಗಳು ಬೆಂಗಳೂರಲ್ಲೇ ಮರೆತಿದ್ದಳು. ನನ್ನ ಕಾಲೇಜಿನದನ್ನು ಕೊಟ್ಟೆ. ಮೂರು ದಿನ ಕೂತರೂ ಅನಿಲ ಹೀರಿದ ಶಾಖಕ್ಕೂ ಹೊರಬಿಟ್ಟ ಬೆಳಕಿಗೂ ತಾಳೆಯೇ ಇಲ್ಲ. ಟಪಾಲಿಗೆ ಒಂದೇ ದಿನ ಉಳಿದಿತ್ತು. ಅವಳ ಕಣ್ಣಲ್ಲಿ ನೀರು.

"ನಿನ್ನ ಊಹೆಯೇ ತಪ್ಪು ಕಣೇ. ಪುಸ್ತಕ ನನ್ನದು" ಎಂದೆ.

ಅವಳು ಎದುರುಮನೆ ಮೇಷ್ಟರ ಲಾಗ್ ಪುಸ್ತಕ ತಂದು ಸಾಲುಸಾಲಾಗಿ ಹೋಲಿಸಿದಳು. ಒಂದು ಕಡೆ ಬೆರಳು ನಿಂತಿತು. ನನ್ನ ಪುಸ್ತಕದಲ್ಲಿ ಅಚ್ಚಾದ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಬೇರೆ ಬರೆದಿತ್ತು. ಪಕ್ಕದಲ್ಲಿ 'ಅಚ್ಚಿನ ದೋಷ, ತಿದ್ದಿದೆ' ಎಂದು ತಾರೀಖು ಸಮೇತ ನನ್ನ ಸಹಿ. ಮೇಷ್ಟರ ಪುಸ್ತಕದಲ್ಲಿ ಇದ್ದದ್ದು ನಾನು ಹೊಡೆದ ಅಂಕಿಯೇ. ದೋಷ ಅಚ್ಚಿನವನದಲ್ಲ.

ಮರುದಿನ ಲೆಕ್ಕ ತಾಳೆಯಾಗಿ ಲಕೋಟೆ ಹೊರಟಿತು, ಲೇಖನ ಅವಳದಾಯಿತು.

"ಅಮ್ಮಾ, ಈ ಪುಸ್ತಕ ಬೇರೆ ಯಾರಿಗಾದ್ರೂ ಕೊಟ್ಟಿದ್ಯಾ?"

ಎರವಲು ಒಯ್ದವರ ಪಟ್ಟಿ ನನ್ನಲ್ಲಿರದೆ ಇರುತ್ತದೆಯೇ? ಎಂಟು ಹುಡುಗರು. ಅವರಲ್ಲೊಬ್ಬ ಈಗ ಇಂಜಿನಿಯರು; ಬೇಲೂರಿನ ದಾರಿಯಲ್ಲಿ ಒಂದು ಸೇತುವೆ ಕಟ್ಟಿಸಿದ್ದಾನೆ.

ಅಲ್ಲಿಂದೀಚೆಗೆ ಆ ಸೇತುವೆ ಬಂದಾಗಲೆಲ್ಲ ಬಸ್ಸು ನಿಲ್ಲಿಸಿ ಇಳಿದು, ಸೀರೆ ಎತ್ತಿ ಕಟ್ಟಿ, ಹಳ್ಳ ದಾಟಿ ಆಚೆ ದಡದಲ್ಲಿ ಹತ್ತುತ್ತೇನೆ.

"ಯಾಕಮ್ಮಾ, ಹರಕೆಯಾ?" ಎಂದು ಕಂಡಕ್ಟರು ಕೇಳಿದ.

"ಹೂಂ ಕಣಪ್ಪಾ, ಹರಕೆ" ಎಂದೆ.