ಮನೆಮನೆಗೆ ಡಿಸ್ಕ್ ಕೋಟಾದ ಹೇಳಿಕೆ

ನಮ್ಮ ಚಿಕ್ಕಪ್ಪ ಮಳೆಗಾಲದಲ್ಲಿ ಎರಡು ಕೊಡೆ ಹಿಡಿದುಕೊಂಡು ಹೊರಡುತ್ತಿದ್ದರು ಎಂದರೆ ನೀವು ನಗುತ್ತೀರಿ. ಬೇಸಗೆಯಲ್ಲೂ ಎರಡು ಹಿಡಿಯುತ್ತಿದ್ದರು ಎಂದರೆ? ಒಂದು ಕಳೆದುಹೋದರೆ ಇನ್ನೊಂದು ಬೇಕಲ್ಲ! ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಕನ್ನಡಕ, ಬಾವಿಕಟ್ಟೆಯಲ್ಲಿ ಎರಡು ಹಗ್ಗ. “ಮದುವೆ ಮಾತ್ರ ಒಂದೇ ಆದದ್ದು, ಅದೂ ಕಾನೂನಿಗೆ ಹೆದರಿ” ಎಂದು ಚಿಕ್ಕಮ್ಮ ಹೇಳುತ್ತಿದ್ದರು. ಅವರು ಹೇಳಿದ್ದೋ, ನಾನು ಅವರ ಬಾಯಿಗೆ ತುರುಕುತ್ತಿದ್ದೇನೋ, ಪ್ರಮಾಣ ಮಾಡಲಾರೆ. ನೆನಪು ಚಂದ ಕಂಡಷ್ಟೂ ನನಗೆ ಅದರ ಮೇಲೆ ಗುಮಾನಿ ಜಾಸ್ತಿ.

ಇಂಥ ಚಿಕ್ಕಪ್ಪ ಕಾರ್ಕಳದ ಶಾಲೆಯೊಂದರಲ್ಲಿ ಗಣಿತದ ಮಾಸ್ಟ್ರಾಗಿ ನಿವೃತ್ತರಾದ ಮೇಲೆ ಲಿನಕ್ಸ್ ಕಲಿತರು. ತಪ್ಪು ನನ್ನದಲ್ಲ. ಮಣಿಪಾಲದ ಕಂಪ್ಯೂಟರ್ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ನಾನು ಒಂದು ಸೀಡಿ ತಂದುಕೊಟ್ಟೆ, ಅಷ್ಟೇ. (ಎರಡು ಕೇಳಿದರು.) ಕುಕ್ಕುಂದೂರಿನ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಅಮೆರಿಕದಲ್ಲಿ ಒಂದು ವಿಪಿಎಸ್ ಬಾಡಿಗೆಗೆ ಹಿಡಿದರು. ಹಾಗೆಂದರೆ, ಎಲ್ಲೋ ಇರುವ ದೊಡ್ಡ ಕಂಪ್ಯೂಟರೊಂದನ್ನು ಕಣ್ಣಿಗೆ ಕಾಣದ ಗೋಡೆ ಹಾಕಿ ಕೋಣೆಗಳಾಗಿ ಭಾಗ ಮಾಡಿರುತ್ತಾರೆ; ಅದರಲ್ಲೊಂದು ಕೋಣೆ ನಮ್ಮದು. ಪುಕ್ಕಟೆ ಮೇಲ್ ಕೊಡುವವರನ್ನು ನಂಬಬಾರದೆಂದು ಬಂಧುಬಳಗಕ್ಕೆಲ್ಲ ಅಲ್ಲೇ ಖಾತೆ ತೆರೆದರು. ಕಾಪುವಿನ ಮಾವ, ಹೆಬ್ರಿಯ ಭಾವ, ಮತ್ತೆ ಶಿರ್ವದ ಟೀಚರ್.

ಟೀಚರ್ ಚಿಕ್ಕಪ್ಪನ ಜೊತೆ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಗಂಡ ತೀರಿಹೋಗಿದ್ದರು, ಒಬ್ಬಳೇ ಮಗಳು ಕುವೈತಿನಲ್ಲಿ ನರ್ಸು, ಚೊಚ್ಚಲ ಬಸುರಿ. ಬಾಣಂತನಕ್ಕೆ ಹೋಗೋಣವೆಂದರೆ ಟೀಚರಿಗೆ ವೀಸಾ ಸಿಗಲಿಲ್ಲ. ಹಾಗಾಗಿ ಹೊಟ್ಟೆ ಬೆಳೆಯುವುದನ್ನು ಅವರು ಮೇಲ್‌ನಲ್ಲಿ ಬರುವ ಫೋಟೊಗಳಲ್ಲೇ ನೋಡುತ್ತಿದ್ದರು. “ಮಗುವಿನ ಮೊದಲ ಫೋಟೊ ಬರುವಾಗ ನಿಮ್ಮ ಮೆಷಿನ್ ಹಾಳಾಗದಿದ್ದರೆ ಸಾಕು ಮಾಸ್ಟ್ರೇ” ಎಂಬುದು ಅವರ ಒಂದೇ ಬೇಡಿಕೆ.

ಹಾಳಾಗಲಿಲ್ಲ, ತುಂಬಿತು. ಕಾಪುವಿನ ಮಾವ ಯಾರದೋ ಮದುವೆಯ ವಿಡಿಯೊ ತಂದು ಅದರಲ್ಲಿ ತುಂಬಿಸಿದ್ದೇ, ಎಲ್ಲರಿಗೂ ಮೇಲ್ ಬರುವುದು ನಿಂತಿತು. ಆಗ ಚಿಕ್ಕಪ್ಪ ಕೋಟಾ ಹಾಕುವ ತೀರ್ಮಾನ ಮಾಡಿದರು. ಒಬ್ಬೊಬ್ಬರಿಗೆ ಇಂತಿಷ್ಟೇ ಎಂಬಿ, ಅಂದರೆ ಮೆಗಾಬೈಟ್, ಜಾಗ. ಅದರಲ್ಲೂ ಎರಡು ಮಿತಿ! ಅವರಿಗೆ ಎಷ್ಟು ಖುಷಿಯಾಗಿರಬೇಡ! “ಸಾಫ್ಟ್ ಲಿಮಿಟ್ ಅಂದರೆ ಕಂಡಕ್ಟರ್ ‘ಒಳಗೆ ಹೋಗಿ, ಒಳಗೆ ಹೋಗಿ’ ಅನ್ನುವುದು. ಬೈಸಿಕೊಂಡು ಸ್ವಲ್ಪ ದಿನ ನಿಲ್ಲಬಹುದು. ಹಾರ್ಡ್ ಲಿಮಿಟ್ ಅಂದರೆ ಮೆಟ್ಟಿಲಲ್ಲೂ ಕಾಲಿಡಲು ಜಾಗ ಇಲ್ಲ” ಎಂದು ನನಗೆ ವಿವರಿಸಿದರು.

“ಸರಿ, ಎಲ್ಲರಿಗೂ ಒಂದು ಮೇಲ್ ಕಳಿಸಿ ಶುರು ಮಾಡಿ” ಎಂದೆ.

“ಎಂತ ಮಾತಾಡುತ್ತಿ ಮಾರಾಯ್ತಿ! ಮನೆಗೆ ಹೋಗಿ ಹೇಳದೆ ಮಿತಿ ಹಾಕುವುದಾ? ಮರ್ಯಾದೆ ಉಂಟಾ?”

ನಮ್ಮ ಕಡೆ ಮದುವೆಯ ಕಾಗದ ಎಷ್ಟೇ ಬರಲಿ, ಮನೆಗೆ ಬಂದು ಬಾಯಲ್ಲಿ ಹೇಳದಿದ್ದರೆ ಅದು ಹೇಳಿಕೆಯಲ್ಲ, ಕರೆದ ಲೆಕ್ಕವಲ್ಲ. ಹೋಗದವರಿಗೆ ಅದೊಂದು ಭದ್ರವಾದ ನೆಪ. ಆದರೆ ಡಿಸ್ಕ್ ಕೋಟಾಕ್ಕೂ ಹೇಳಿಕೆಯೇ? ಹೌದು! ಎಲ್ಲರಿಗೂ ಹೇಳಿ ಮುಗಿಯುವ ತನಕ ಕೋಟಾ ಚಾಲೂ ಮಾಡುವುದಿಲ್ಲ ಎಂದು ಹೊರಟೇಬಿಟ್ಟರು. ಎರಡು ಕೊಡೆ, ಒಬ್ಬಳು ನಾನು.

ಕಾಪುವಿನಲ್ಲಿ ಅತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ನಮ್ಮನ್ನು ಅಂಗಳದಲ್ಲಿ ಕಂಡದ್ದೇ ಬೆಲ್ಲ ನೀರು ತಂದರು. “ಯಾರ ಮದುವೆಯಾ?”

“ಮದುವೆ ಅಲ್ಲ ಅಕ್ಕ. ಭಾವನಿಗೆ ಇನ್ನೂರು ಎಂಬಿ.”

ಮಾವ ಪೇಪರ್ ಕೆಳಗಿಟ್ಟರು. “ಸಕುಟುಂಬವಾ, ನನಗೊಬ್ಬನಿಗಾ?”

“ನಿಮಗೊಬ್ಬರಿಗೆ.”

ಅತ್ತೆಯ ಮುಖ ಸಣ್ಣದಾಯಿತು. ಚಿಕ್ಕಪ್ಪ ಅಲ್ಲೇ ನಿಂತು ಅವರಿಗೂ ಐವತ್ತು ಎಂಬಿ ಹೇಳಬೇಕಾಯಿತು. ಅತ್ತೆ ಆವರೆಗೆ ಕಂಪ್ಯೂಟರ್ ಮುಟ್ಟಿದವರೇ ಅಲ್ಲ.

ಶಿರ್ವದಲ್ಲಿ ಟೀಚರ್ ಕಾಫಿ ಕೊಟ್ಟು, ತಮ್ಮ ಪಾಲಿನ ಮುನ್ನೂರು ಎಂಬಿಯನ್ನು ಗಂಭೀರವಾಗಿ ಕೇಳಿಸಿಕೊಂಡರು. “ತುಂಬಿದರೆ?”

“ಹಳೆಯ ಫೋಟೊ ಅಳಿಸಬೇಕು ಟೀಚರೇ.”

“ಯಾವುದನ್ನು? ಹೊಟ್ಟೆ ಕಾಣುವುದನ್ನಾ, ಕಾಣದ್ದನ್ನಾ?”

ಲೆಕ್ಕದ ಮಾಸ್ಟ್ರು ಕಾಫಿ ಲೋಟ ಎತ್ತಿಕೊಂಡರು. ಟೀಚರೇ ಕಡೆಗೆ, “ಇರಲಿ, ನಾನು ನೋಡಿ ಅಳಿಸುತ್ತೇನೆ. ಮಗುವಿಗೆ ಜಾಗ ಬೇಕಲ್ಲ” ಎಂದರು.

ಹೆಬ್ರಿಗೆ ಹೋದರೆ ಮನೆಗೆ ಬೀಗ! ಹೇಳಿಕೆ ಬಾಕಿ. ಮತ್ತೊಮ್ಮೆ ಹೋಗಿ ಹೇಳಿಬಂದ ಮೇಲೆಯೇ ಚಿಕ್ಕಪ್ಪ ಕೋಟಾ ಚಾಲೂ ಮಾಡಿದರು. ಮಾವನ ವಿಡಿಯೊ ಹೊರಬಿತ್ತು, ಮೇಲ್ ಹರಿಯಿತು. ಚಿಕ್ಕಪ್ಪ ಊರಿಗೇ ನೀರು ತಂದವರ ಹಾಗೆ ಓಡಾಡಿದರು.

ಆಮೇಲೊಂದು ಮಧ್ಯಾಹ್ನ ಟೀಚರ್ ಶಿರ್ವದಿಂದ ಬಸ್ ಹಿಡಿದು ಬಂದವರು, ಮೆಟ್ಟಿಲು ಹತ್ತುವ ಮೊದಲೇ ಕೂಗಿದರು. “ಮಾಸ್ಟ್ರೇ, ಮಗು ಹುಟ್ಟಿತು! ಹೆಣ್ಣು! ಇಲ್ಲಿಯ ತನಕ ಬಂದು, ಬಾಗಿಲು ತಟ್ಟಿ, ವಾಪಸು ಹೋಯಿತಂತೆ!”

ಅಳಿಯ ಕಳಿಸಿದ ಫೋಟೊ, ಜಾಗ ಇಲ್ಲವೆಂದು ಹಿಂದಕ್ಕೆ ಹೋಗಿತ್ತು.

ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ಕುಳಿತರು. ಟೀಚರ್ ಮಿತಿಯೊಳಗಿದ್ದರು. ಮಾವ, ಹೆಬ್ರಿಯ ಭಾವ ಇಬ್ಬರೂ ಮಿತಿಯೊಳಗಿದ್ದರು. ಅತ್ತೆಯದು ಸೊನ್ನೆ. ಆದರೂ ಡಿಸ್ಕ್ ಪೂರ್ತಿ! ಹಾಗಾದರೆ ತಿಂದವರು ಯಾರು? ನಾವು ಮೂವರೂ ಪರದೆಗೆ ಮುಖ ಹಚ್ಚಿ ಹುಡುಕಿದೆವು. ಕಳ್ಳನನ್ನು ಹುಡುಕುವಾಗ ಇಷ್ಟು ಸುಖವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಚಿಕ್ಕಪ್ಪ, ರೂಟಿಗೆ ಕೋಟಾ ಉಂಟಾ?” ಎಂದೆ.

ರೂಟ್ ಎಂದರೆ ಸರ್ವರಿನ ಯಜಮಾನ. ಯಜಮಾನನಿಗೆ ಕೋಟಾ ತಾಗುವುದಿಲ್ಲ. ನಮ್ಮ ಯಜಮಾನರು ಮಾಡಿದ್ದೇನು? ಯಾರದ್ದೂ ಕಳೆದುಹೋಗಬಾರದೆಂದು ದಿನಾ ಎಲ್ಲರ ಮೇಲ್ ಪೂರ್ತಿ ನಕಲಾಗುವಂತೆ ಇಟ್ಟಿದ್ದರು. ನಕಲು ಕಳೆದುಹೋದರೆ? ಅದಕ್ಕೊಂದು ನಕಲು. ಎಲ್ಲವೂ ಅದೇ ಡಿಸ್ಕಿನಲ್ಲಿ! ಟೀಚರ್ ಮನಸ್ಸು ಗಟ್ಟಿ ಮಾಡಿ ಅಳಿಸಿದ ಫೋಟೊಗಳ ಸಮೇತ ಆ ಬಸುರಿ ಅಲ್ಲಿ ಪಟಾಲಮ್ಮಿನ ಹಾಗೆ ಸಾಲುಗಟ್ಟಿ ನಿಂತಿದ್ದಳು.

ಒಳಗಿನಿಂದ ಚಿಕ್ಕಮ್ಮನ ಸ್ವರ ಬಂತು. “ಊರೆಲ್ಲ ಹೇಳಿಕೆ ಆಯಿತು. ಈ ಮನೆಯ ಗಂಡಸಿಗೆ ಮಾತ್ರ ಯಾರೂ ಹೇಳಲಿಲ್ಲ!”

ಚಿಕ್ಕಪ್ಪ ನಕಲಿನ ನಕಲನ್ನು ಅಳಿಸಿದರು. ಆಮೇಲೆ ಬೆರಳು ನಿಂತಿತು. “ಮೊದಲಿನದು ಇರಲಿ, ಅಲ್ವಾ? ಎಂತಾದರೂ ಆದರೆ...”

“ನನ್ನ ಮಗಳೂ ಇರುವುದು ಒಬ್ಬಳೇ ಮಾಸ್ಟ್ರೇ” ಎಂದರು ಟೀಚರ್. “ಎಂತಾದರೂ ಆದರೆ ಅಂತ ನಾನೂ ಹೆದರುತ್ತೇನೆ. ಅಳಿಸಿ.”

ಅಳಿಸಿದರು. ಕುವೈತಿಗೆ ಫೋನು ಹೋಯಿತು, ಇನ್ನೊಮ್ಮೆ ಕಳಿಸಲು.

ಆಮೇಲಿನದನ್ನು ನಾನು ಬಹಳ ಸಲ ಹೇಳಿದ್ದೇನೆ; ಪ್ರತಿ ಸಲವೂ ಕೋಣೆಯ ಬೆಳಕು ಬೇರೆ, ಯಾರು ಎಲ್ಲಿ ನಿಂತಿದ್ದರೆಂಬುದೂ ಬೇರೆ. ಬದಲಾಗದೆ ಉಳಿದದ್ದು ಇಷ್ಟು. ನಮ್ಮ ಬ್ರಾಡ್‌ಬ್ಯಾಂಡ್ ಹೆಸರಿಗೆ ಮಾತ್ರ. ಫೋಟೊ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಬಿಳಿ ಗೋಡೆ. ಆಸ್ಪತ್ರೆಯ ಮಂಚದ ಸರಳು. ಮಗಳ ಕೆದರಿದ ಕೂದಲು, ಬೆವತ ಹಣೆ, ದಣಿದ ನಗು. ಆಮೇಲೆ ಹಸಿರು ಬಟ್ಟೆಯ ಸುತ್ತಿನಿಂದ ಒಂದು ಕಪ್ಪು ನೆತ್ತಿ. ಅಲ್ಲಿಗೆ ನಿಂತಿತು. ಟೀಚರ್ ಅರಿವಿಲ್ಲದೆ ಎದ್ದು, ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಪರದೆಗೆ ಒಡ್ಡಿದರು. ಚಿಕ್ಕಪ್ಪ ನಗಲಿಲ್ಲ, ಜಾಲದ ವೇಗದ ಬಗ್ಗೆ ಪಾಠ ಹೇಳಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಹಿಂದೆ ಸರಿಸಿ ಎದ್ದು, ಮಗುವೊಂದನ್ನು ಕೈಗೆ ಕೊಡುವಾಗ ಹಿರಿಯರು ಹೇಳುವ ಸ್ವರದಲ್ಲೇ ಹೇಳಿದರು:

“ತಲೆಯ ಕೆಳಗೆ ಕೈ ಕೊಡಿ, ಟೀಚರೇ.”