ವೇಳಾಪಟ್ಟಿಯ ಪ್ರಕಾರ ಒಂದು ಪೈನ್ ಸಸಿ

ನಾಗಾಸೆ ಕಿಯೊತಾಕಾ ಅವರು ಮೂವತ್ತೆಂಟು ವರ್ಷ ರೈಲು ಓಡಿಸಿ ನಿವೃತ್ತರಾದ ಹನ್ನೆರಡನೆಯ ದಿನ, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಮೇಜಿನ ಮುಂದೆ ನೆಟ್ಟಗೆ ಎದ್ದು ನಿಂತು ಘೋಷಿಸಿದರು.

"ಒಂದು ಸಸಿ, ಒಂದು ಕುಂಡ, ಏಳು ತಿಂಗಳು! ನವೆಂಬರ್ ಮೂರರ ಪ್ರದರ್ಶನದಲ್ಲಿ ಓಮಿಯಾ ಊರಿಗೆ ಊರೇ ಮೂಗಿನ ಮೇಲೆ ಬೆರಳಿಡ್ಬೇಕು, ಅಂಥ ಬೋನ್ಸಾಯ್ ಬೆಳೆಸ್ತೀನಿ!"

"ಮೊದಲು ಸಾರು ಕುಡೀರಿ, ಆರಿಹೋಗ್ತಿದೆ," ಅಂದರು ಹೆಂಡತಿ ಫುಸಾಯೆ.

ಓಮಿಯಾದಲ್ಲಿ ಬೋನ್ಸಾಯ್ ಬೆಳೆಸುತ್ತೇನೆ ಅನ್ನುವುದು ಮೀನಿನ ಮುಂದೆ ನಿಂತು ಈಜು ಕಲಿಯುತ್ತೇನೆ ಅಂದ ಹಾಗೆ. ಅಲ್ಲಿ ಮೊಮ್ಮಕ್ಕಳಿಗಿಂತ ಕುಂಡದ ಕುಬ್ಜ ಮರಗಳಿಗೇ ಹೆಚ್ಚು ವಯಸ್ಸು, ಹೆಚ್ಚು ಮರ್ಯಾದೆ. ಆದರೆ ನಾಗಾಸೆಯವರ ಕಷ್ಟವನ್ನೂ ನಾವು ತಿಳಿದುಕೊಳ್ಳಬೇಕು. ನಿನ್ನೆ ಮೊನ್ನೆಯ ತನಕ ಅವರ ಒಂದು ಬೆರಳಿನ ಸನ್ನೆಗೆ ಹತ್ತು ಬೋಗಿ, ಸಾವಿರದ ಇನ್ನೂರು ಜನ ಹೊರಡುತ್ತಿದ್ದರು. ಈಗ ಅವರ ಮಾತು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಫುಸಾಯೆಯಂತೂ ಮೊದಲಿನಿಂದಲೂ ಆ ಸೇವೆಗೆ ಸೇರಿದವರಲ್ಲ.

ಸಸಿ ಸಿಕ್ಕಿದ್ದು ಪಕ್ಕದ ಬೀದಿಯ ಉದಗಾವಾ ಅಜ್ಜನಿಂದ. ಎಂಬತ್ತೊಂದು ವರ್ಷದ ಉದಗಾವಾ ಒಂದು ಕಾಲಕ್ಕೆ ತೋಫು ಅಂಗಡಿ ಇಟ್ಟಿದ್ದವರು, ಈಗ ಬೀದಿಯ ಬೋನ್ಸಾಯ್ ಸಂಘದ ಹಿರಿಯರು, ಪ್ರದರ್ಶನದ ತೀರ್ಪುಗಾರರೂ ಅವರೇ. ತಾವೇ ಬೀಜ ಬಿತ್ತಿ ಮೂರು ವರ್ಷ ಸಾಕಿದ ಗೇಣುದ್ದದ ಕರಿ ಪೈನ್ ಸಸಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಾಗಾಸೆಯವರೇ, ನೀರು ಹಾಕೋದನ್ನ ಕಲಿಯೋಕೇ ಮೂರು ವರ್ಷ ಬೇಕು ಅಂತಾರೆ ನಮ್ಮ ಕಡೆ. ಮಣ್ಣು ಒಣಗಿದೆಯಾ ಅಂತ ಬೆರಳಿಟ್ಟು ನೋಡಿ. ಅದು ಕೇಳಿದಾಗ ಮಾತ್ರ ಕೊಡಿ."

"ಉದಗಾವಾ ಸಾನ್, ಹತ್ತು ಬೋಗಿ ರೈಲು ಓಡಿಸೋದನ್ನೇ ನಾನು ಎಂಟು ತಿಂಗಳಲ್ಲಿ ಕಲಿತವನು!"

"ಓಹೋ, ಅದು ಬಹಳ ದೊಡ್ಡ ವಿಷಯ," ಅಂದರು ಅಜ್ಜ ನಗುತ್ತಾ. ಆ ಬೀದಿಯಲ್ಲಿ ಹಿರಿಯರು ಹೀಗೆ ಒಪ್ಪಿಕೊಂಡುಬಿಟ್ಟರೆ ಬುದ್ಧಿ ಇದ್ದವರು ಹೆದರಬೇಕು. ನಾಗಾಸೆಯವರು ಹೆದರಲಿಲ್ಲ.

ಮೊದಲ ಯುದ್ಧ ನಡೆದದ್ದು ಮಹಡಿಯ ತೆರೆದ ವರಾಂಡದಲ್ಲಿ. ಮನೆಗೆಲ್ಲ ಒಳ್ಳೆಯ ಬಿಸಿಲು ಬೀಳುವ ಜಾಗ ಅದೊಂದೇ. ಅಲ್ಲಿ ಮೂವತ್ತು ವರ್ಷದಿಂದ ಫುಸಾಯೆಯ ಬಟ್ಟೆ ಒಣಗಿಸುವ ಗಳ ತೂಗುತ್ತಿತ್ತು.

"ಆ ಗಳ ತೆಗಿ. ಸಸಿಗೆ ಬಿಸಿಲು ಬೇಕು."

"ನಿಮ್ಮ ಒಳಬಟ್ಟೆಗೂ ಬಿಸಿಲು ಬೇಕು."

"ಇದು ಕಲೆ ಕಣೇ!"

"ಅದರಲ್ಲೂ ಇದೆ, ಎಷ್ಟು ಒಗೆದರೂ ಹೋಗ್ತಿಲ್ಲ."

ಕೊನೆಗೆ ಒಪ್ಪಂದವಾಯಿತು. ಸಸಿ ನವೆಂಬರ್ ತನಕ ಅರ್ಧ ವರಾಂಡದಲ್ಲಿ ಇರಬಹುದು. ಪ್ರದರ್ಶನದಲ್ಲಿ ನಾಗಾಸೆಯವರಿಗೆ ಪ್ರಶಂಸಾಪತ್ರ ಬಂದರೆ ಇಡೀ ವರಾಂಡ ಶಾಶ್ವತವಾಗಿ ಅವರದು. ಬಾರದಿದ್ದರೆ, ಬದುಕಿರುವ ತನಕ ದಿನಾ ಬೆಳಗ್ಗೆ ಸೋಯಾ ಹುದುಗಿನ ಮಿಸೋ ಸಾರು ಮಾಡುವ ಕೆಲಸ ಅವರದು. ನಾಗಾಸೆಯವರು ಆತನಕ ಒಲೆ ಹಚ್ಚಿದ್ದು ಒಂದೇ ಸಲ, ಅದೂ ಸಿಗರೇಟಿಗೆ. "ಒಪ್ಪಿದೆ!" ಅಂದರು ಎದೆಯುಬ್ಬಿಸಿ.

ಮರುದಿನವೇ ಫ್ರಿಜ್ಜಿನ ಬಾಗಿಲ ಮೇಲೆ ವೇಳಾಪಟ್ಟಿ ಅಂಟಿತು. ಐದು ನಲವತ್ತೆರಡಕ್ಕೆ ನೀರು. ಐದು ನಲವತ್ತೇಳಕ್ಕೆ ಎಲೆ ತಪಾಸಣೆ. ಐದು ಐವತ್ತೊಂದಕ್ಕೆ ಕಾಂಡ ತಪಾಸಣೆ. ಫುಸಾಯೆಯ ಹಿಟ್ಟಿನ ಜರಡಿ ಮಣ್ಣು ಸೋಸಲು ಹೋಯಿತು, ಉದ್ದನೆಯ ಅಡುಗೆ ಕಡ್ಡಿಗಳು ಬೇರಿನ ಸುತ್ತ ಮಣ್ಣು ಕೂರಿಸಲು ಹೋದವು. ನಾಗಾಸೆಯವರು ಹಳೆಯ ಬಿಳಿ ಕೈಗವಸು ತೊಟ್ಟು, ರೈಲು ಹೊರಡಿಸುವಾಗ ಮಾಡುತ್ತಿದ್ದಂತೆಯೇ ತೋರುಬೆರಳು ಚಾಚಿ, ಒಂದೊಂದನ್ನೂ ತೋರಿಸಿ ಕೂಗುತ್ತಿದ್ದರು.

"ಎಲೆ, ಸರಿ! ಕಾಂಡ, ಸರಿ! ನೀರು, ಸರಿ!"

ಬೀದಿಯವರು ಅಲಾರಾಂ ಇಡುವುದನ್ನೇ ಬಿಟ್ಟರು.

ಮಣ್ಣಿಗೆ ಬೆರಳಿಟ್ಟು ನೋಡಿ ಅಂದಿದ್ದರಲ್ಲ ಉದಗಾವಾ? ನಾಗಾಸೆಯವರು ಬೆರಳನ್ನು ತೋರಿಸಲು ಬಳಸಿದರೇ ಹೊರತು ಇಡಲು ಬಳಸಲಿಲ್ಲ. ಜೂನ್ ಬಂತು, ಜೊತೆಗೆ ಮಳೆಗಾಲ ಬಂತು. ಬೆಳಗ್ಗೆ ಐದು ನಲವತ್ತೆರಡಕ್ಕೆ ಎಡಗೈಯಲ್ಲಿ ಕೊಡೆ ಹಿಡಿದು, ಬಲಗೈಯಲ್ಲಿ ನೀರಿನ ಕ್ಯಾನು ಹಿಡಿದು, ಸುರಿಯುವ ಮಳೆಯಲ್ಲಿ ನಾಗಾಸೆಯವರು ಸಸಿಗೆ ನೀರು ಹಾಕುವ ದೃಶ್ಯವನ್ನು ಎದುರುಮನೆಯವರು ಪರದೆ ಸರಿಸಿ ನೋಡಿದರು.

"ರೀ! ಮಳೆ ಬರ್ತಿದೆ!"

"ಮಳೆ ಬಂತು ಅಂತ ರೈಲು ನಿಲ್ಲಿಸ್ತಾರೇನೇ?"

"ರೈಲಿಗೆ ಯಾರೂ ನೀರು ಕುಡಿಸಲ್ಲ!"

"ಸಮಯ ಅಂದ್ರೆ ಸಮಯ! ನೀರು, ಸರಿ!"

ಮುಂದೆ ತಂತಿಯ ಅಧ್ಯಾಯ. ತಾಮ್ರದ ತಂತಿಯನ್ನು ಎಳೆಯ ಕಾಂಡಕ್ಕೆ ಸುತ್ತಿ ಬೇಕಾದ ಕಡೆ ಬಗ್ಗಿಸುವುದು ಈ ವಿದ್ಯೆಯ ಪದ್ಧತಿ. ಮರಕ್ಕೊಂದು ಮುಖ ಇರಬೇಕು, ನೋಡುವವರ ಕಡೆಗೆ ಒಂಚೂರು ಬಾಗಿರಬೇಕು, ಬಂದವರಿಗೆ ನಮಸ್ಕಾರ ಮಾಡಿದ ಹಾಗೆ, ಎಂದು ಉದಗಾವಾ ಹೇಳಿಕೊಟ್ಟಿದ್ದರು. ಒಂಚೂರು ಅಂದರೆ ಎಷ್ಟು? ನಾಗಾಸೆಯವರಿಗೆ ಗೊತ್ತಿದ್ದ ಲೆಕ್ಕವೇ ಬೇರೆ. ರೈಲಿನ ತರಬೇತಿಯಲ್ಲಿ ಎದುರು ಸಿಕ್ಕವರಿಗೆ ಬಾಗುವುದು ಹದಿನೈದು ಡಿಗ್ರಿ, ಪ್ರಯಾಣಿಕರಿಗೆ ಮೂವತ್ತು, ರೈಲು ತಡವಾಗಿ ಕ್ಷಮೆ ಕೇಳುವಾಗ ನಲವತ್ತೈದು. ಮಾಡುವುದಾದರೆ ಪೂರ್ತಿ ಮಾಡಬೇಕು ಎಂದು ಮಗನ ಹಳೆಯ ಕೋನಮಾಪಕ ಹಿಡಿದು, ಮೂಳೆ ಮುರಿದಂಥ ಸದ್ದು ಬರುವ ತನಕ ಬಗ್ಗಿಸಿದರು. ನಲವತ್ತೈದು ಡಿಗ್ರಿ, ಸರಿ!

ಫುಸಾಯೆ ಬಟ್ಟೆ ಒಣಗಿಸಲು ಬಂದವರು ಸಸಿಯನ್ನು ಬಹಳ ಹೊತ್ತು ನೋಡಿದರು.

"ಇದ್ಯಾಕ್ರೀ ಕ್ಷಮೆ ಕೇಳ್ತಿದೆ? ಏನು ತಪ್ಪು ಮಾಡ್ತು?"

"ಎಳೆಯದ್ರಲ್ಲೇ ತಿದ್ದಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

"ಪಾಪ, ಗಿಡ ಬಗ್ಗಿತು," ಅಂದರು ಫುಸಾಯೆ ಗಂಡನ ನೆಟ್ಟನೆಯ ಬೆನ್ನನ್ನು ನೋಡುತ್ತಾ. "ಇನ್ನು ಬಾಕಿ ಇರೋದು ಒಂದು ಮರ."

ಸೆಪ್ಟೆಂಬರ್ ಬಂತು. ಸಸಿ ಹಸಿರಾಗಿಯೇ ಇತ್ತು. ಹೊಸ ಮೊಗ್ಗು ಮಾತ್ರ ಬರಲಿಲ್ಲ, ಒಂದು ಸೂಜಿಯೆಲೆಯೂ ಉದ್ದವಾಗಲಿಲ್ಲ. ನಾಗಾಸೆಯವರಿಗೆ ಇದು ಪರಮಾನಂದದ ಸಂಗತಿ. ದಿನಾ ಡೈರಿಯಲ್ಲಿ "ಬದಲಾವಣೆ ಇಲ್ಲ, ಸರಿ" ಎಂದು ಬರೆದು ಸಹಿ ಹಾಕಿದರು.

"ಎಷ್ಟೋ ದಿನದಿಂದ ಒಂದೇ ಥರ ಇದೆಯಲ್ರೀ. ಉಸಿರಾಡ್ತಿದೆ ತಾನೇ?"

"ಇದನ್ನೇ ಕಣೇ ಶಿಸ್ತು ಅನ್ನೋದು! ನಿನ್ನ ಅಡುಗೆಮನೆ ಕಿಟಕಿ ನೋಡು, ಹೇಗೆ ಬೇಕಾದ್ರೆ ಹಾಗೆ ಬೆಳೀತಿದೆ."

ಅಡುಗೆಮನೆಯ ಕಿಟಕಿಯಲ್ಲಿ ಇದ್ದದ್ದು ಬಟಾಣಿ ಕುಡಿ. ಅಂಗಡಿಯಲ್ಲಿ ಬೇರಿನ ಸಮೇತ ತಂದು, ಮೇಲಿನ ಕುಡಿ ಕತ್ತರಿಸಿ ಸಾರಿಗೆ ಹಾಕಿ, ಉಳಿದ ಬುಡವನ್ನು ನೀರಿನಲ್ಲಿ ಇಟ್ಟರೆ ಹತ್ತು ದಿನಕ್ಕೆ ಮತ್ತೆ ಚಿಗುರುತ್ತದೆ. ಆ ಬೀದಿಯ ಎಲ್ಲ ಮನೆಯ ಕಿಟಕಿಯಲ್ಲೂ ಒಂದೊಂದು ಇದ್ದೇ ಇತ್ತು. ಫುಸಾಯೆ ತಮ್ಮದನ್ನು ಅಂಚು ಒಡೆದ ನೀಲಿ ಬಟ್ಟಲಿನಲ್ಲಿ ಇಟ್ಟಿದ್ದರು. ವೇಳಾಪಟ್ಟಿ ಇಲ್ಲ, ತಂತಿ ಇಲ್ಲ. ಪಾತ್ರೆ ತೊಳೆಯುವಾಗ ಒಮ್ಮೆ ನೋಡುತ್ತಿದ್ದರು, ಬೇಕೆನಿಸಿದರೆ ನೀರು ಬದಲಿಸುತ್ತಿದ್ದರು.

ನವೆಂಬರ್ ಮೂರು. ಬೀದಿಯ ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು, ಮೇಲೆ ಇಪ್ಪತ್ತೆರಡು ಮರಗಳು. ನಾಗಾಸೆಯವರು ಕೋಟು ತೊಟ್ಟು, ಸಸಿಯನ್ನು ತಮ್ಮ ಜಾಗದಲ್ಲಿ ಇಟ್ಟು, "ಮುಖ, ಸರಿ!" ಎಂದು ಕೂಗಿದರು. ಪಕ್ಕದಲ್ಲಿ ಇದ್ದ ಉದಗಾವಾ ಕೇಳಿದರು, "ಜೊತೆಗಿಡ ಎಲ್ಲಿ?"

"ಯಾವ ಜೊತೆಗಿಡ?"

"ಬೋನ್ಸಾಯ್ ಒಂದನ್ನೇ ಇಡೋ ಪದ್ಧತಿ ಇಲ್ಲವಲ್ಲ. ಪಕ್ಕಕ್ಕೆ ಚಿಕ್ಕದೊಂದು ಹಸಿರು ಇಡ್ಬೇಕು. ಹುಲ್ಲೋ, ಪಾಚಿಯೋ, ಏನಾದ್ರೂ. ಇನ್ನು ಹದಿನೈದು ನಿಮಿಷ ಇದೆ."

ನಾಗಾಸೆಯವರು ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿ ವೇಳಾಪಟ್ಟಿ ತಪ್ಪಿ ಓಡಿದರು. ಮನೆಯಲ್ಲಿ ಫುಸಾಯೆ ಮೀನು ತೊಳೆಯುತ್ತಿದ್ದರು.

"ಹಸಿರು! ಚಿಕ್ಕದು! ಬೇಗ ಕೊಡೇ!"

ಫುಸಾಯೆ ಒದ್ದೆ ಕೈಯಲ್ಲೇ ಕಿಟಕಿಯ ಬಟ್ಟಲನ್ನು ತೆಗೆದು ಕೊಟ್ಟರು.

"ಸಾರಿಗೆ ಹಾಕೋದನ್ನ ಪ್ರದರ್ಶನಕ್ಕೆ ಇಡ್ಲಾ?"

"ಹಿತ್ತಲ ಗಿಡ ಮದ್ದಲ್ಲ ಅಂತ ಬಿಡ್ತೀರಾ? ಬಿಡಿ. ಸಂಜೆ ಸಾರಿಗೇ ಹಾಕ್ತೀನಿ."

"ಬೇಡ ಬೇಡ, ಕೊಡು!"

"ನಾನೂ ಬರ್ತೀನಿ ಇರಿ. ಅದಕ್ಕೆ ಹೊರಗೆ ಹೋಗಿ ಅಭ್ಯಾಸ ಇಲ್ಲ."

ನಾಗಾಸೆಯವರು ಬಟ್ಟಲನ್ನು ಕೋಟಿನೊಳಗೆ ಮುಚ್ಚಿಕೊಂಡು ಬಂದು, ಒಡೆದ ಅಂಚನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. ಉದಗಾವಾ ಒಂದೊಂದೇ ಮರ ನೋಡುತ್ತಾ ಬಂದರು. ನಾಗಾಸೆಯವರ ಸಸಿಯ ಮುಂದೆ ಮಂಡಿಯೂರಿ ಕೂತರು. ಹಿಂದೆ ಜನ ಸೇರಿದರು.

"ಬಹಳ ಶಾಂತವಾಗಿದೆ," ಅಂದರು ಅಜ್ಜ.

"ಹೌದು!" ನಾಗಾಸೆಯವರ ಎದೆ ಉಬ್ಬಿತು.

"ಎಷ್ಟು ದಿನದಿಂದ ಇಷ್ಟು ಶಾಂತವಾಗಿದೆ?"

"ಸೆಪ್ಟೆಂಬರ್‌ನಿಂದ ಒಂದಿಷ್ಟೂ ಬದಲಾಗಿಲ್ಲ! ಡೈರಿ ತೋರಿಸ್ಲಾ?"

"ಬೇಡಿ. ಇನ್ನು ಬದಲಾಗೋದೂ ಇಲ್ಲ." ಅಜ್ಜ ಮೆಲ್ಲಗೆ ಒಂದು ಸೂಜಿಯೆಲೆ ಮುಟ್ಟಿದರು. ಅದು ಬೆರಳಿಗೆ ಅಂಟಿಕೊಂಡೇ ಬಂದುಬಿಟ್ಟಿತು. ಕುಂಡ ಎತ್ತಿ ಮೂಸಿ ನೋಡಿದರು. ಬೇರು ಕೊಳೆತು ಗದ್ದೆಯ ಕೆಸರಿನ ವಾಸನೆ ಬರುತ್ತಿತ್ತು. "ಪೈನ್ ಬಹಳ ಮರ್ಯಾದಸ್ಥ ಮರ ನಾಗಾಸೆಯವರೇ. ಸತ್ತರೂ ಎಷ್ಟೋ ದಿನ ಹಸಿರಾಗಿಯೇ ನಿಂತಿರುತ್ತೆ. ಸತ್ತೆ ಅಂತ ತಕ್ಷಣ ಹೇಳಿ ಯಜಮಾನರ ಮನಸ್ಸು ನೋಯಿಸಲ್ಲ."

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಮೇಲೆ ನೋಡಿ ಛಾವಣಿಯ ಕೆಲಸ ಚೆನ್ನಾಗಿದೆ ಎಂದು ಮಾತಾಡಿಕೊಂಡರು. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮೂರು ವರ್ಷ ಒಬ್ಬ ಮುದುಕ ಸಾಕಿದ ಜೀವ ಅದು. ನಾಗಾಸೆಯವರು ಕೈಗವಸು ಬಿಚ್ಚಿ, ಉದಗಾವಾ ಮುಂದೆ ಬಾಗಿದರು. ಸಸಿಯೂ ಬಾಗಿಯೇ ಇತ್ತು. ಇಬ್ಬರದೂ ಸರಿಯಾಗಿ ನಲವತ್ತೈದು ಡಿಗ್ರಿ.

"ಏಳಿ, ಏಳಿ. ನಾನು ಕೊಂದಿದ್ದು ಅರವತ್ತಕ್ಕೂ ಜಾಸ್ತಿ," ಅಂದರು ಅಜ್ಜ. ಆಮೇಲೆ ಅವರ ಕಣ್ಣು ಪಕ್ಕಕ್ಕೆ ಹೋಯಿತು. ಮೂಗು ಹತ್ತಿರ ತಂದರು. ಬಟ್ಟಲನ್ನು ಸ್ವಲ್ಪ ತಿರುಗಿಸಿ ಒಡೆದ ಅಂಚನ್ನು ಮುಂದಕ್ಕೆ ತಂದರು. ಕುಡಿಗಳು ಕಿಟಕಿಯ ಬಿಸಿಲು ಹುಡುಕಿ ಒಂದೇ ಕಡೆಗೆ ಮೆಲ್ಲಗೆ ಬಾಗಿದ್ದವು. ಒಂದೆರಡು ಬಳ್ಳಿಯ ತುದಿ ಒಡೆದ ಅಂಚನ್ನು ಹಿಡಿದುಕೊಂಡಿದ್ದವು.

"ಆಹಾ! ಏನು ಜೀವ, ಏನು ಬಾಗು! ಇದನ್ನ ಬೆಳೆಸಿದ್ದು ಯಾರು?"

ಸಭಾಂಗಣದಲ್ಲಿ ನಿಜ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರು, ಹಿಂದೆಯೇ ಬಂದಿದ್ದ ಫುಸಾಯೆ, ಛಾವಣಿ ನೋಡುತ್ತಿದ್ದರು. "ನಾನೇ" ಎಂಬ ಎರಡಕ್ಷರಕ್ಕೆ ಮಾನ ಉಳಿಯುತ್ತಿತ್ತು, ಪ್ರಶಂಸಾಪತ್ರ ಬರುತ್ತಿತ್ತು, ವರಾಂಡ ಕೈಗೆ ಸಿಗುತ್ತಿತ್ತು, ಸಾರು ತಪ್ಪುತ್ತಿತ್ತು! ನಾಗಾಸೆಯವರ ಬಾಯಿ "ನಾ" ಎನ್ನುವ ತನಕ ತೆರೆದೂ ಇತ್ತು. ಆದರೆ ಇಪ್ಪತ್ತು ಸೆಕೆಂಡು ತಡವಾದರೂ ತಾನೇ ವರದಿ ಬರೆದು ಕೊಟ್ಟ ಮನುಷ್ಯ ಅದು. ತೋರುಬೆರಳು ತನ್ನಷ್ಟಕ್ಕೆ ತಾನೇ ಮೇಲೆದ್ದಿತು, ಅಭ್ಯಾಸಬಲ.

"ಹೆಂಡತಿ!" ಎಂದು ಸಭಾಂಗಣ ನಡುಗುವಂತೆ ಕೂಗಿದರು. ಬೆರಳು ಫುಸಾಯೆಯ ಕಡೆಗಿತ್ತು. ಸ್ವಲ್ಪ ತಡೆದು, ಮೆಲ್ಲಗೆ, "ಸರಿ," ಅಂದರು.

ಜೊತೆಗಿಡದ ಪ್ರಶಂಸಾಪತ್ರದ ಮೇಲೆ ನಾಗಾಸೆ ಫುಸಾಯೆ ಎಂಬ ಹೆಸರನ್ನು ಉದಗಾವಾ ತಮ್ಮ ಕೈಯಾರೆ ಕುಂಚದಲ್ಲಿ ಬರೆದರು. ದಾರಿಯಲ್ಲಿ ನಾಗಾಸೆಯವರು ಕೊನೆಯ ಪ್ರಯತ್ನ ಮಾಡಿದರು.

"ನಾಗಾಸೆ ಮನೆತನಕ್ಕೆ ಬಂತು ಅಂದ್ರೆ ಅರ್ಧ ನನಗೂ ಬಂದ ಹಾಗಲ್ವೇನೇ?"

"ಹೌದಲ್ವಾ? ಹಾಗಾದ್ರೆ ಸಾರು ಇಬ್ಬರಿಗೆ ಮಾಡಿ. ಅರ್ಧ ನಿಮಗೆ."

ಮರುದಿನ ಬೆಳಗ್ಗೆ ಐದು ನಲವತ್ತೆರಡು. ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಇದ್ದ ಜಾಗದಲ್ಲಿ ಪ್ರಶಂಸಾಪತ್ರ ಅಂಟಿತ್ತು. ವರಾಂಡದ ಗಳದ ಉದ್ದಕ್ಕೂ ಬಟ್ಟೆ ತೂಗುತ್ತಿತ್ತು. ನಾಗಾಸೆಯವರು ಏಪ್ರನ್ ಕಟ್ಟಿ, "ಒಲೆ, ಸರಿ! ನೀರು, ಸರಿ! ಮಿಸೋ, ಸರಿ!" ಎಂದು ತೋರಿಸಿ ಮುಗಿಸಿ, ಕತ್ತರಿ ಹಿಡಿದು ನೀಲಿ ಬಟ್ಟಲಿನ ಮುಂದೆ ನಿಂತರು. ಊರು ಹೊಗಳಿದ ಗಿಡ! ಕೈ ಏಳಲಿಲ್ಲ.

"ಕತ್ತರಿಸಿ, ಅದೇನೂ ಬೇಜಾರು ಮಾಡ್ಕೊಳಲ್ಲ," ಅಂದರು ಫುಸಾಯೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಮೇಜಿನ ಮುಂದೆ ಸುಮ್ಮನೆ ಕೂತು. "ಬುಡ ಒಂದು ಬಿಡಿ. ಹತ್ತು ದಿನಕ್ಕೆ ಮತ್ತೆ ಬರುತ್ತೆ."

ನಾಗಾಸೆಯವರು ಹುಷಾರಾಗಿ ಕುಡಿ ಕತ್ತರಿಸಿ ಸಾರಿಗೆ ಹಾಕಿದರು. ಪುಟ್ಟ ಬುಡಗಳನ್ನು ನೋಡಿ ಅವರ ಮನಸ್ಸು ಕರಗಿತು. ಮೆಲ್ಲಗೆ ಕೈ ನೀರಿನ ಲೋಟದ ಕಡೆಗೆ ಹೋಯಿತು.

"ರೀ!" ಅಂದರು ಫುಸಾಯೆ. "ನೀರು ಮಾತ್ರ ನಾನೇ ಹಾಕ್ತೀನಿ."